ಕಮಲಾ ಸೊಹೊನಿ ಮತ್ತು ನಮ್ಮ ಕೇರಿಯ ಬೇಳೆ

ವಿಜ್ಞಾನಕ್ಕೆ ಜಾತಿಯಿಲ್ಲ, ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ವಿಜ್ಞಾನಕ್ಕೆ ಇಲ್ಲದಿರಬಹುದು. ವಿಜ್ಞಾನದ ಬಾಗಿಲು ಕಾಯುವವರಿಗೆ ಎರಡೂ ಇವೆ. ಈ ಮಾತನ್ನು ನಾವು ಬರೀ ಸಿಟ್ಟಿನಿಂದ ಹೇಳುತ್ತಿಲ್ಲ. 1933ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ಹೇಳುತ್ತಿದ್ದೇವೆ.

ನಾವು ಅಂದರೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ಒಂದಷ್ಟು ಜನ. ಕೆಲವರು ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರು. ಕೆಲವರು ಹಾಸ್ಟೆಲಿನ ಅನ್ನ ತಿಂದು ಓದಿದವರು, ಇನ್ನೂ ಓದುತ್ತಿರುವವರು. ಒಬ್ಬಿಬ್ಬರು ಓದು ಬಿಟ್ಟು ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುವವರು. ತಿಂಗಳಿಗೊಂದು ಭಾನುವಾರ ಬಳ್ಳಾರಿಯಲ್ಲಿ ಸೇರುತ್ತೇವೆ. ಓದಿದ್ದನ್ನು ಹಂಚಿಕೊಳ್ಳುತ್ತೇವೆ, ಜಗಳ ಆಡುತ್ತೇವೆ, ಚಾ ಕುಡಿದು ಕೊನೆಯ ಬಸ್ಸು ಹಿಡಿಯುತ್ತೇವೆ. ಕತೆ, ಕವಿತೆ, ಅಂಬೇಡ್ಕರ್, ಲೋಹಿಯಾ ಎಂದು ಮಾತಾಡುತ್ತಿದ್ದ ನಮ್ಮ ನಡುವೆ ಈಚೆಗೆ ಒಬ್ಬ ಜೀವರಸಾಯನ ವಿಜ್ಞಾನಿಯ ಬದುಕು ಬಂದು ಕೂತಿದೆ. ಅವರ ಹೆಸರು ಕಮಲಾ ಸೊಹೊನಿ. ತಿಂದ ಕೂಳು ಮೈಯೊಳಗೆ ಹೋಗಿ ರಕ್ತವಾಗುವುದು ಹೇಗೆ, ಎಳೆದ ಉಸಿರು ಕಸುವಾಗುವುದು ಹೇಗೆ ಎಂದು ಹುಡುಕುವುದೇ ಜೀವರಸಾಯನ ಶಾಸ್ತ್ರ. ಹಸಿದವರಿಗೆ ಇದಕ್ಕಿಂತ ಹತ್ತಿರದ ಶಾಸ್ತ್ರ ಯಾವುದಿದೆ? ಆದರೆ ಆ ಶಾಸ್ತ್ರ ನಮ್ಮ ಕೇರಿಗೆ ಬರಲು ಇಷ್ಟು ದಿನ ಹಿಡಿಯಿತು. ಯಾಕೆ ಹಿಡಿಯಿತು ಎನ್ನುವುದೇ ಈ ಬರಹದ ವಿಷಯ.

ಕಮಲಾ ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ತವರಿನ ಮನೆತನದ ಹೆಸರು ಭಾಗವತ್. ತಲೆಮಾರುಗಳಿಂದ ಓದುಬರಹ ಕಂಡ ಬ್ರಾಹ್ಮಣ ಮನೆ. ತಂದೆ ನಾರಾಯಣರಾವ್ ಮತ್ತು ತಂದೆಯ ಸೋದರ ಮಾಧವರಾವ್ ಇಬ್ಬರೂ ರಸಾಯನ ವಿಜ್ಞಾನಿಗಳು. ಇಬ್ಬರೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಅಕ್ಕ ದುರ್ಗಾ ಭಾಗವತ್ ಮರಾಠಿಯ ದೊಡ್ಡ ಲೇಖಕಿ. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಕರಾಡದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಸರ್ಕಾರದ ವಿರುದ್ಧ ನಿಂತು, ಆಮೇಲೆ ಜೈಲಿಗೆ ಹೋಗಿ ಬಂದವರು. ಇಂಥ ಮನೆಯ ಹುಡುಗಿ ಮುಂಬಯಿಯಲ್ಲಿ ಬಿ.ಎಸ್ಸಿ. ಮುಗಿಸಿದಳು. ರಸಾಯನಶಾಸ್ತ್ರ ಮುಖ್ಯ ವಿಷಯ. ಮುಂದಿನ ಓದಿಗೆ ಅಪ್ಪ ಓದಿದ ಸಂಸ್ಥೆಗೇ 1933ರಲ್ಲಿ ಅರ್ಜಿ ಹಾಕಿದಳು.

ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲದ ಮೇಲೆ ಎದ್ದ ಸಂಸ್ಥೆ ಅದು. ಅದೇ ವರ್ಷ ಅದಕ್ಕೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದವರು ಸರ್ ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಪಡೆದವರು. ಬಿಳಿಯರ ಕೈಯಲ್ಲಿದ್ದ ಕುರ್ಚಿ ನಮ್ಮವರ ಕೈಗೆ ಬಂತೆಂದು ದೇಶ ಹಿಗ್ಗಿದ ಕಾಲ. ಆ ಕುರ್ಚಿಯಲ್ಲಿ ಕೂತವರು ಕಮಲಾ ಅವರ ಅರ್ಜಿಯನ್ನು ತಿರಸ್ಕರಿಸಿದರು. ಅಂಕ ಕಡಿಮೆ ಎಂದಲ್ಲ. ಹೆಣ್ಣು ಎಂದು.

ಹುಡುಗಿ ಊರಿಗೆ ವಾಪಸು ಹೋಗಲಿಲ್ಲ. ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹಕ್ಕೆ ನಿಂತಳು. ಕೊನೆಗೆ ರಾಮನ್ ಮಣಿದರು, ಆದರೆ ಷರತ್ತು ಹಾಕಿದರು. ಮೊದಲ ವರ್ಷ ಆಕೆಯನ್ನು ಪೂರ್ಣ ವಿದ್ಯಾರ್ಥಿನಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲಸ ನೋಡಿ ಒಪ್ಪಿಗೆಯಾದರೆ ಆಮೇಲೆ ಮಾನ್ಯತೆ. ಗುರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು, ಗಂಡಸರ ಗಮನ ಕದಲಿಸಬಾರದು.

ಈ ಕೊನೆಯ ಷರತ್ತನ್ನು ಓದಿದಾಗ ನಮ್ಮ ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಕೆಡುತ್ತದೆ ಎನ್ನುವ ಮಾತು ನಮಗೆ ಹೊಸದಲ್ಲ. ನಾವು ಮುಟ್ಟಿದರೆ ಬಾವಿ ಕೆಡುತ್ತದೆ, ಗುಡಿ ಕೆಡುತ್ತದೆ, ಹೋಟೆಲಿನ ಲೋಟ ಕೆಡುತ್ತದೆ. 1927ರಲ್ಲಿ ಮಹಾಡದ ಚೌಡಾರ ಕೆರೆಯ ನೀರನ್ನು ಬಾಬಾಸಾಹೇಬರು ಮತ್ತು ಅವರ ಜನ ಕುಡಿದರು. ಕೆರೆ ಕೆಟ್ಟಿತೆಂದು ಸವರ್ಣರು 108 ಕೊಡ ಪಂಚಗವ್ಯ ಸುರಿದು ಶುದ್ಧ ಮಾಡಿದರು. ಆರೇ ವರ್ಷದ ಮೇಲೆ ದೇಶದ ಅತಿ ದೊಡ್ಡ ವಿಜ್ಞಾನ ಸಂಸ್ಥೆಯಲ್ಲಿ, ಸಗಣಿ ಗಂಜಳವಿಲ್ಲದೆ, ಇಂಗ್ಲಿಷಿನಲ್ಲಿ ಅದೇ ಮಾತು. ಮೈಲಿಗೆಗೆ ಮಡಿಕೋಲೇ ಬೇಕೆಂದಿಲ್ಲ, ಕೋಟು ಪೇಟವೂ ಸಾಕು. ಎರಡೂ ಒಂದೇ ತೂಕದ ಅವಮಾನ ಎಂದು ನಾವು ಹೇಳುವುದಿಲ್ಲ. ಕಮಲಾ ಅವರಿಗೆ ಊರೊಳಗೆ ಮನೆಯಿತ್ತು, ಕುಡಿಯಲು ಬಾವಿಯಿತ್ತು. ರಸಾಯನಶಾಸ್ತ್ರಜ್ಞರೇ ತುಂಬಿದ ಮೇಲ್ಜಾತಿಯ ಮನೆಯ ಮಗಳಿಗೇ ಇಂಥ ಷರತ್ತಾದರೆ, ಮನೆಯಲ್ಲಿ ಪುಸ್ತಕವೇ ಇಲ್ಲದವರಿಗೆ ಎಂಥ ಷರತ್ತಿದ್ದೀತು ಎನ್ನುವುದಷ್ಟೇ ನಮ್ಮ ಪ್ರಶ್ನೆ.

ಉತ್ತರ ನಮ್ಮ ನಡುವೆಯೇ ಇತ್ತು. ಕುರುಗೋಡು ಕಡೆಯ ನಮ್ಮ ತಂಗಿಯೊಬ್ಬಳು ರಸಾಯನಶಾಸ್ತ್ರ ತೆಗೆದುಕೊಂಡು ಓದಿದವಳು. ಕಾಲೇಜಿನ ಹೆಸರು ಬೇಡ. ಪ್ರಾಕ್ಟಿಕಲ್ಲಿಗೆ ಮೂವರಿಗೊಂದು ಗುಂಪು. ಇವಳ ಗುಂಪಿನಲ್ಲಿ ಬ್ಯುರೆಟ್ ಹಿಡಿಯುವುದು ಒಬ್ಬಳು, ಅಂಕಿ ಬರೆಯುವುದು ಮತ್ತೊಬ್ಬಳು, ಗಾಜಿನ ಸಾಮಾನು ತೊಳೆಯುವುದು ಇವಳು. ವರ್ಷವಿಡೀ ಹಾಗೇ. ಕೇಳಿದರೆ, "ನಿಮ್ಮವ್ರು ತೊಳಿಯೋದು ಚೊಲೋ ತೊಳಿತಾರ, ಬಿಡು" ಎಂಬ ನಗೆಮಾತು. ಪರೀಕ್ಷೆಯ ದಿನ ಮೊದಲ ಸಲ ಬ್ಯುರೆಟ್ ಕೈಗೆ ಬಂದಾಗ ಕೈ ನಡುಗಿತಂತೆ. ಆದರೂ ಪಾಸಾದಳು. ಕಮಲಾ ಅವರ ಕತೆ ಕೇಳಿ ಅವಳು ಅಂದದ್ದು ಇಷ್ಟು: "ಆಯಮ್ಮಗ ಷರತ್ತು ಬಾಯಿಬಿಟ್ಟು ಹೇಳಿದ್ರು. ನಮಗ ಹೇಳಲಾರ್ದ ಹಾಕ್ತಾರ."

ಕಮಲಾ ಷರತ್ತನ್ನು ಒಪ್ಪಿ ಒಳಗೆ ಹೋದರು. ಎಂ. ಶ್ರೀನಿವಾಸಯ್ಯ ಎಂಬ ಗುರು ಸಿಕ್ಕರು. ಅವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ. ಒಂದು ವರ್ಷ ಕಳೆದ ಮೇಲೆ ರಾಮನ್ ಒಪ್ಪಿಕೊಳ್ಳಬೇಕಾಯಿತು. ಅಲ್ಲಿಂದಾಚೆ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಸಿಕ್ಕಿತು. 1936ರಲ್ಲಿ ಎಂ.ಎಸ್ಸಿ. ಬಂತು. ರಾಮನ್ ದೊಡ್ಡ ವಿಜ್ಞಾನಿ ನಿಜ, ಆದರೆ ಸಣ್ಣ ಮನಸ್ಸಿನವರು ಎಂದು ಕಮಲಾ ಇಳಿವಯಸ್ಸಿನಲ್ಲೂ ನೇರವಾಗಿ ಹೇಳಿದರು. ನಮ್ಮ ದೇಶದಲ್ಲಿ ದೊಡ್ಡವರ ಬಗ್ಗೆ ಇಷ್ಟು ಹೇಳಲೂ ಎದೆ ಬೇಕು.

ಮುಂದೆ ಕೇಂಬ್ರಿಜ್. ವಿಟಮಿನ್ನುಗಳ ಕೆಲಸಕ್ಕೆ 1929ರ ನೊಬೆಲ್ ಹಂಚಿಕೊಂಡಿದ್ದ ಹಾಪ್ಕಿನ್ಸ್ ಅವರ ಪ್ರಯೋಗಾಲಯ. ಅಲ್ಲಿ ಮೊದಲು ಡೆರೆಕ್ ರಿಕ್ಟರ್ ಎಂಬವರು ತಮ್ಮ ಹತ್ತಿರ ಇದ್ದ ಇನ್ನೊಂದು ಮೇಜನ್ನು ಕೆಲಸಕ್ಕೆ ಬಿಟ್ಟುಕೊಟ್ಟರು. ಆಮೇಲೆ ರಾಬಿನ್ ಹಿಲ್ ಅವರ ಜೊತೆ ಸಸ್ಯಗಳ ಉಸಿರಾಟದ ಮೇಲೆ ಕೆಲಸ. ಆಲೂಗಡ್ಡೆಯನ್ನು ಇಟ್ಟುಕೊಂಡು ಅದರೊಳಗಿನ ಒಂದು ವಸ್ತುವನ್ನು ಕಮಲಾ ಗುರುತಿಸಿದರು. ಅದರ ಹೆಸರು ಸೈಟೋಕ್ರೋಮ್-ಸಿ. ಸುಮಾರು 40 ಪುಟದ ಪ್ರಬಂಧ. ಅದಕ್ಕೆ 1939ರಲ್ಲಿ ಪಿಎಚ್.ಡಿ. ಬ್ರಿಟಿಷ್ ವಿಶ್ವವಿದ್ಯಾಲಯದಿಂದ ವಿಜ್ಞಾನದಲ್ಲಿ ಈ ಪದವಿ ಪಡೆದ ಮೊದಲ ಭಾರತೀಯ ಹೆಣ್ಣುಮಗಳು ಎಂದು ಅವರನ್ನು ಕರೆಯುತ್ತಾರೆ.

ಈ ಸೈಟೋಕ್ರೋಮ್-ಸಿ ಎಂಬುದನ್ನು ಅರ್ಥ ಮಾಡಿಕೊಳ್ಳಲು ನಮಗೆ ಎರಡು ಭಾನುವಾರ ಹಿಡಿದವು. ಜೀವಕೋಶದೊಳಗೆ ಅನ್ನದ ಕಸುವನ್ನು ಕೈಯಿಂದ ಕೈಗೆ ದಾಟಿಸುವ ಕೆಲಸ ನಡೆಯುತ್ತದೆ. ಮಿಲ್ಲಿನಲ್ಲಿ ಹಮಾಲರು ಸಾಲಾಗಿ ನಿಂತು ಚೀಲ ದಾಟಿಸಿದ ಹಾಗೆ. ಆ ಸಾಲಿನಲ್ಲಿ ನಿಂತ ಒಬ್ಬ ಹಮಾಲ ಈ ಸೈಟೋಕ್ರೋಮ್-ಸಿ. ಅವನು ಕೈಬಿಟ್ಟರೆ ಉಸಿರು ಎಳೆದರೂ ಉಪಯೋಗವಿಲ್ಲ. ಸೈನೈಡ್ ವಿಷ ಕೊಲ್ಲುವುದು ಈ ಸಾಲಿನ ಕೊನೆಯನ್ನು ಕಟ್ಟಿಹಾಕಿಯೇ. ಪ್ರಾಣಿಗಳಲ್ಲಿ ಇರುವ ಈ ವಸ್ತು ಗಿಡಗಳಲ್ಲೂ ಇದೆ, ಉಸಿರಾಟದ ದಾರಿ ಎರಡರಲ್ಲೂ ಒಂದೇ ಎಂಬುದಕ್ಕೆ ಕಮಲಾ ಅವರ ಆಲೂಗಡ್ಡೆ ಸಾಕ್ಷಿ ಹೇಳಿತು. ಆಮೇಲೆ ಬಂದ ವಿಜ್ಞಾನಿಗಳು ಮನುಷ್ಯನ ಸೈಟೋಕ್ರೋಮ್-ಸಿಯಲ್ಲಿ 104 ಅಮೈನೋ ಆಮ್ಲಗಳ ಸರಪಳಿ ಇದೆ ಎಂದು ಎಣಿಸಿದರು. ಚಿಂಪಾಂಜಿಯ ಸರಪಳಿಗೂ ನಮ್ಮದಕ್ಕೂ ಒಂದು ಕೊಂಡಿಯ ವ್ಯತ್ಯಾಸವೂ ಇಲ್ಲ. ಹಾಗಾದರೆ ಅಗ್ರಹಾರದವನಿಗೂ ಕೇರಿಯವನಿಗೂ? ನಾವು ಈ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದಾಗ ಏಳನೆಯ ಇಯತ್ತೆಯ ಹುಡುಗನೊಬ್ಬ, "ಮಂಗ್ಯಾಗೂ ಮಡಿ ಮಾಡಸ್ಬೇಕಾಗತೈತಿ ಸಾರ್" ಅಂದ. ಹುಟ್ಟಿನಿಂದ ಮೇಲುಕೀಳು ಎನ್ನುವವರಿಗೆ ಪುರಾಣದಲ್ಲಿ ಉತ್ತರ ಹುಡುಕುವುದಕ್ಕಿಂತ ಆಲೂಗಡ್ಡೆಯಲ್ಲಿ ಹುಡುಕುವುದು ಮೇಲು ಎಂದು ನಮಗೆ ಅನ್ನಿಸಿದೆ.

ಕಮಲಾ ಕೇಂಬ್ರಿಜ್‌ನಲ್ಲೇ ಉಳಿಯಬಹುದಿತ್ತು. 1939ರಲ್ಲಿ ದೇಶಕ್ಕೆ ಮರಳಿದರು. ದಿಲ್ಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗ ನಡೆಸಿದರು. ಅಲ್ಲಿಂದ ನೀಲಗಿರಿಯ ಕೂನೂರಿನ ಪೋಷಣಾ ಸಂಶೋಧನಾಲಯಕ್ಕೆ ಬಂದು ವಿಟಮಿನ್ನುಗಳ ಮೇಲೆ ಕೆಲಸ ಮಾಡಿದರು. ಕೂನೂರು ಆಗ ಮದ್ರಾಸ್ ಪ್ರಾಂತ್ಯ. ನಮ್ಮ ಬಳ್ಳಾರಿಯೂ 1953ರವರೆಗೆ ಅದೇ ಪ್ರಾಂತ್ಯ. ಆ ಸಂಶೋಧನಾಲಯ 1918ರಲ್ಲಿ ಹುಟ್ಟಿದ್ದೇ ಬೆರಿಬೆರಿ ರೋಗದ ವಿಚಾರಣೆಗಾಗಿ. ಆ ಪ್ರಾಂತ್ಯದ ತೆಲುಗು ಕರಾವಳಿಯಲ್ಲಿ ಮಿಲ್ಲಿನ ಬಿಳಿ ಅಕ್ಕಿ ತಿನ್ನುವವರಿಗೆ ಬರುತ್ತಿದ್ದ ರೋಗ ಅದು. ಕಾಲು ಜೋಮು ಹಿಡಿಯುತ್ತದೆ, ಬಾತುಕೊಳ್ಳುತ್ತದೆ, ಗುಂಡಿಗೆ ಸೋಲುತ್ತದೆ. ಕಾರಣ ಅಕ್ಕಿಯ ಮೇಲಿನ ಪದರದೊಡನೆ ತಯಮಿನ್ ಎಂಬ ವಿಟಮಿನ್ ತೌಡಿನ ಪಾಲಾಗುವುದು. ಭತ್ತವನ್ನು ನೆನೆಸಿ ಹಬೆಯಲ್ಲಿ ಬೇಯಿಸಿ ಒಣಗಿಸಿ ಕುಟ್ಟಿದರೆ ಆ ಸತ್ವ ಕಾಳಿನೊಳಗೇ ಇಳಿದು ಉಳಿಯುತ್ತದೆ. ಅಕ್ಕಿಯನ್ನು ಹತ್ತು ಸಲ ತೊಳೆದು, ಗಂಜಿ ಬಸಿದು ಚೆಲ್ಲಿದರೆ ಉಳಿದದ್ದೂ ಹೋಗುತ್ತದೆ.

ಇದನ್ನು ಸಿರುಗುಪ್ಪದ ನಾವು ಹೇಗೆ ಕೇಳಬೇಕು ಹೇಳಿ. ನಮ್ಮ ಅಜ್ಜಂದಿರು ಜೋಳ, ಸಜ್ಜೆ, ನವಣೆ ತಿಂದವರು. ತುಂಗಭದ್ರೆಗೆ ಅಣೆಕಟ್ಟು ಆಯಿತು, 1953ರಿಂದ ನೀರು ಬಂತು. ಆಂಧ್ರದ ಕಡೆಯಿಂದ ಬಂದವರು ಕ್ಯಾಂಪು ಕಟ್ಟಿದರು. ಭತ್ತ ಬಂತು, ಮಿಲ್ಲು ಬಂದವು. ಊರು ಬೆಳ್ಳಗಾಯಿತು. ನೀರು ಬರಬಾರದಿತ್ತು ಎಂದು ನಾವು ಹೇಳುತ್ತಿಲ್ಲ. ಗುಳೆ ಹೋಗುತ್ತಿದ್ದ ಎಷ್ಟೋ ಮಂದಿಗೆ ಆ ನೀರು ಕೂಲಿ ಕೊಟ್ಟಿದೆ. ಆದರೆ ನಾಟಿ ಹಚ್ಚುವ ನಮ್ಮ ಅವ್ವಂದಿರ ತಟ್ಟೆಯಲ್ಲಿ ಏನು ಬಂತು, ಏನು ಹೋಯಿತು ಎಂದು ಯಾರೂ ಲೆಕ್ಕ ಇಡಲಿಲ್ಲ. ಮಿಲ್ಲಿನಲ್ಲಿ ದುಡಿಯುವ ನಮ್ಮ ಗೆಳೆಯನ ಮಾತು ಇದು: "ಅಕ್ಕಿ ಬೆಳ್ಳಗಿದ್ರ ಗಿರಾಕಿ ಬರ್ತಾನ. ತೌಡು ಎಣ್ಣಿ ಫ್ಯಾಕ್ಟರಿಗೆ, ಇಲ್ಲಂದ್ರ ಎಮ್ಮಿಗೆ. ನಮ್ಮ ಮನ್ಯಾಗಿನ ಕೂಸಿಗಿಂತ ಸಾವ್ಕಾರ್ರ ಎಮ್ಮಿ ಗಟ್ಟಿ ಐತಿ ಮೇಷ್ಟ್ರೇ."

ಜೋಳದ ಕತೆಯೂ ಇದೆ. ಕೂನೂರಿನ ಅದೇ ಸಂಶೋಧನಾಲಯ ಐವತ್ತರ ದಶಕದ ಕೊನೆಗೆ ಹೈದರಾಬಾದಿಗೆ ಹೋಯಿತು. ಅಲ್ಲಿ ಸಿ. ಗೋಪಾಲನ್, ಎಸ್.ಜಿ. ಶ್ರೀಕಂಠಯ್ಯ ಎಂಬ ವೈದ್ಯರು 1960ರಲ್ಲಿ, ಜೋಳವೊಂದನ್ನೇ ನಂಬಿದ ದಖ್ಖನಿನ ಬಡವರಲ್ಲಿ ಪೆಲ್ಲಾಗ್ರಾ ರೋಗ ಇರುವುದನ್ನು ಲೋಕಕ್ಕೆ ತಿಳಿಸಿದರು. ಬಿಸಿಲು ತಾಗುವ ಕಡೆ ಚರ್ಮ ಕಪ್ಪಾಗಿ ಸುಲಿಯುತ್ತದೆ, ಕೊರಳ ಸುತ್ತ ಹಾರ ಹಾಕಿದಂತೆ ಕಲೆ ಬೀಳುತ್ತದೆ, ಭೇದಿ ಹತ್ತುತ್ತದೆ, ಕೊನೆಗೆ ಬುದ್ಧಿ ಕದಡುತ್ತದೆ. ನಯಾಸಿನ್ ಎಂಬ ವಿಟಮಿನ್ನಿನ ಬರ ಅದು. ಇಂಥ ಕಲೆ ಕಂಡರೆ ದೇವಿ ಮುನಿಸಿಕೊಂಡಿದ್ದಾಳೆ ಎಂದು ಹರಕೆ ಹೊರಿಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಹರಕೆಯ ಕೋಳಿಯನ್ನು ರೋಗಿಯೇ ತಿಂದಿದ್ದರೆ ವಾಸಿಯಾಗುತ್ತಿತ್ತು. ಮಾಂಸದಲ್ಲಿ ನಯಾಸಿನ್ ಇದೆ.

1947ರಲ್ಲಿ ಕಮಲಾ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬಯಿಗೆ ಹೋದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನದ ಪ್ರಾಧ್ಯಾಪಕಿಯಾದರು. ಆಕೆ ಆರಿಸಿಕೊಂಡ ವಿಷಯಗಳನ್ನು ನೋಡಿ: ಬೇಳೆಕಾಳು, ಭತ್ತದ ಹಿಟ್ಟು, ನೀರಾ. ಮೂರೂ ಬಡವರ ಬಾಯಿಗೆ ಹತ್ತಿರವಾದವು. ಇದರಲ್ಲಿ ಬೇಳೆಯ ಮಾತು ನಮ್ಮ ಮನಸ್ಸಿಗೆ ಹೆಚ್ಚು ನಾಟಿತು.

ಬೇಳೆ ಬಡವರ ಮಾಂಸ ಎನ್ನುತ್ತಾರೆ. ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಯಲ್ಲಿ ಅದು ಹೇರಳ. ರೊಟ್ಟಿಗೆ ಹೆಸರುಕಾಳಿನ ಪಲ್ಯ ಕೂಡಿದರೆ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಓದು ಬರಹ ಇಲ್ಲದ ನಮ್ಮ ಅಜ್ಜಿಯರು ಇದನ್ನು ನಾಲಿಗೆಯಿಂದಲೇ ಕಂಡುಕೊಂಡಿದ್ದರು. ಆದರೆ ಹಸಿ ಕಾಳಿನಲ್ಲಿ ಒಂದು ಕಳ್ಳನಿದ್ದಾನೆ. ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಅರಗಿಸುವ ಟ್ರಿಪ್ಸಿನ್ ಎಂಬ ಕಿಣ್ವದ ಕೈ ಕಟ್ಟಿಹಾಕುವ ವಸ್ತು ಅದು. ನಮ್ಮ ದೇಶದ ಆಹಾರಗಳಲ್ಲಿ ಈ ವಸ್ತು ಎಲ್ಲೆಲ್ಲಿದೆ ಎಂದು ಕಮಲಾ ಮತ್ತು ಅವರ ವಿದ್ಯಾರ್ಥಿಗಳು ಹುಡುಕಿ 1954ರಲ್ಲೇ ಪ್ರಕಟಿಸಿದರು. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಕಳ್ಳನ ಬಲ ಕುಗ್ಗುತ್ತದೆ. ಚೆನ್ನಾಗಿ ಬೇಯಿಸಿದರೆ ಬಹುಪಾಲು ನಾಶವಾಗುತ್ತಾನೆ.

ಚೆನ್ನಾಗಿ ಬೇಯಿಸಿ ಎಂದು ಪುಸ್ತಕ ಹೇಳುತ್ತದೆ. ಬೇಯಿಸಲು ಉರುವಲು ಬೇಕಲ್ಲ? ಹುರಳಿ ಅಲಸಂದೆ ಬೇಯಲು ಎಷ್ಟು ಹೊತ್ತು ಒಲೆ ಉರಿಯಬೇಕು ಎಂದು ಮೆಣಸಿನಕಾಯಿ ಬಿಡಿಸಿ ಹೊತ್ತು ಮುಳುಗಿದ ಮೇಲೆ ಮನೆಗೆ ಬರುವ ಕುರುಗೋಡಿನ ಹೆಂಗಸನ್ನು ಕೇಳಬೇಕು. ನಮ್ಮೂರ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಇಲ್ಲದಿದ್ದರೆ ಎಷ್ಟೋ ಒಲೆಗಳು ಹತ್ತುತ್ತಲೇ ಇರಲಿಲ್ಲ. ಆ ಮುಳ್ಳನ್ನು ಕಡಿದು ತಲೆಯ ಮೇಲೆ ಹೊತ್ತು ತಂದು ಆಮೇಲೆ ಬೇಳೆ ಬೇಯಿಸಬೇಕು. ಗ್ಯಾಸ್ ಸಿಲಿಂಡರ್ ಬಂದ ಮನೆಯಲ್ಲೂ ತುಂಬಿಸಲು ಕಾಸಿಲ್ಲದೆ ಅದು ಮೂಲೆಯಲ್ಲಿ ನಿಂತದ್ದನ್ನು ನಾವು ಕಂಡಿದ್ದೇವೆ. 2013ರ ಆಹಾರ ಭದ್ರತಾ ಕಾಯ್ದೆ ಧಾನ್ಯವನ್ನು ನಮ್ಮ ಹಕ್ಕು ಎಂದಿತು, ಬೇಳೆಯನ್ನು ಆ ಹಕ್ಕಿನೊಳಗೆ ಸೇರಿಸಲಿಲ್ಲ. ಜೀವರಸಾಯನ ಶಾಸ್ತ್ರ ಓದುತ್ತಾ ಹೋದರೆ ಕೂಲಿಯ ಪ್ರಶ್ನೆಗೆ ಬಂದು ನಿಲ್ಲುತ್ತೇವೆ. ಕಮಲಾ ಅವರ ಪ್ರಯೋಗಾಲಯದಿಂದ ನಮ್ಮ ಒಲೆಯವರೆಗಿನ ದಾರಿ ಇದೇ.

ನೀರಾ ಕೆಲಸವನ್ನು ಅವರಿಗೆ ಸೂಚಿಸಿದವರು ರಾಷ್ಟ್ರಪತಿ ರಾಜೇಂದ್ರಪ್ರಸಾದ್. ತಾಳೆ, ಈಚಲು ಮರಗಳಿಂದ ರಾತ್ರಿ ಇಳಿಸಿ, ಹುಳಿಯುವ ಮೊದಲೇ ಕುಡಿಯುವ ರಸ ನೀರಾ. ಅದರಲ್ಲಿ ಕಬ್ಬಿಣ, ಸಿ ವಿಟಮಿನ್ ಮುಂತಾದ ಸತ್ವಗಳಿವೆ, ಅರೆಹೊಟ್ಟೆಯ ಬುಡಕಟ್ಟು ಮಕ್ಕಳಿಗೆ, ಬಸುರಿಯರಿಗೆ ಕೊಟ್ಟರೆ ಮೈ ಸುಧಾರಿಸುತ್ತದೆ ಎಂದು ಅವರ ತಂಡ ತೋರಿಸಿತು. ಇದಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಪ್ರಶಸ್ತಿ ಬಂದರೂ ಕುರ್ಚಿ ಬರಲಿಲ್ಲ. ಆ ಸಂಸ್ಥೆಯ ನಿರ್ದೇಶಕಿಯ ಹುದ್ದೆ ಅವರಿಗೆ ನಾಲ್ಕು ವರ್ಷ ತಡವಾಗಿ ಸಿಕ್ಕಿತು. ಬೆಂಗಳೂರಿನ ಷರತ್ತು ಮುಂಬಯಿಯವರೆಗೂ ಹಿಂಬಾಲಿಸಿತ್ತು.

ಇಲ್ಲಿಗೆ ಅವರ ಬದುಕು ಮುಗಿದಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಗೆದ್ದವರ ಕತೆಗಳು ಪಠ್ಯಪುಸ್ತಕಕ್ಕೆ ಸಾಕು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅವರ ಮುಂದಿನ ಹೆಜ್ಜೆ. 1966ರಲ್ಲಿ ಮುಂಬಯಿಯಲ್ಲಿ ಒಂಬತ್ತು ಮಂದಿ ಹೆಂಗಸರು ಸೇರಿ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘವನ್ನು ಕಟ್ಟಿದರು. ಬರ, ಬೆಲೆಯೇರಿಕೆ, ಕಲಬೆರಕೆ, ತೂಕದಲ್ಲಿ ಮೋಸ ಎಲ್ಲ ಒಟ್ಟಿಗೆ ಬಂದ ಕಾಲ. ಕಮಲಾ ಆ ಸಂಘದಲ್ಲಿ ದುಡಿದರು, 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಸಂಘದ 'ಕೀಮತ್' ಪತ್ರಿಕೆಯಲ್ಲಿ ಸಾಮಾನ್ಯ ಓದುಗರಿಗಾಗಿ, ಅಂಗಡಿಯಿಂದ ತಂದ ಪದಾರ್ಥಗಳ ಸುರಕ್ಷತೆಯ ಬಗ್ಗೆ ಲೇಖನ ಬರೆದರು. ಕೇಂಬ್ರಿಜ್‌ನ ಪದವೀಧರೆ ಅಡುಗೆಮನೆಯ ಡಬ್ಬಿಗಳ ಬಗ್ಗೆ ಬರೆಯಲು ನಾಚಲಿಲ್ಲ. ಒಳಗೆ ಹೋಗಲು ಷರತ್ತು ಹಾಕಿಸಿಕೊಂಡವರು, ಒಳಗಿದ್ದುದನ್ನು ಹೊರಗೆ ತಂದು ಕೊಡುವಾಗ ಯಾರಿಗೂ ಷರತ್ತು ಹಾಕಲಿಲ್ಲ.

ಕಲಬೆರಕೆ ಎಂದರೆ ಸಣ್ಣ ಮೋಸ ಎಂದು ತಿಳಿದವರಿದ್ದಾರೆ. ಕೇಸರಿ ಬೇಳೆಯ ಚರಿತ್ರೆ ನೋಡಿ. ತೊಗರಿ ಬೇಳೆಯ ಹಾಗೇ ಕಾಣುತ್ತದೆ. ನೋಡಿದರೆ ಚೌಕ, ಒಂದು ಬದಿ ಓರೆ. ಅದನ್ನೇ ತಿಂಗಳುಗಟ್ಟಲೆ ತಿಂದರೆ ಸೊಂಟದ ಕೆಳಗೆ ಕಾಲು ಸೆಟೆದುಕೊಂಡು ಜೀವಮಾನವಿಡೀ ಕೋಲೂರಿ ನಡೆಯಬೇಕು. ಮಧ್ಯಪ್ರದೇಶದ ರೇವಾ ಕಡೆ ಜೀತದಾಳುಗಳಿಗೆ ಕೂಲಿಯೆಂದು ಕೊಡುತ್ತಿದ್ದುದೇ ಈ ಬೇಳೆ. ದುಡಿಸಿಕೊಂಡ ಧಣಿಯೇ ದುಡಿಯುವ ಕಾಲನ್ನು ಕಿತ್ತುಕೊಂಡ. 1961ರಲ್ಲಿ ಅದರ ಮಾರಾಟ ನಿಷೇಧವಾಯಿತು. ಬೇರೆ ಬೇಳೆಯೊಳಗೆ ಬೆರೆತು ಬರುವುದು ನಿಲ್ಲಲಿಲ್ಲ. 1998ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಬೀಜದ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು. ಸಿರಿವಂತ ಸೀಲು ಹಾಕಿದ ಡಬ್ಬಿ ಕೊಳ್ಳುತ್ತಾನೆ. ಹತ್ತು ರೂಪಾಯಿಗೆ ಇಷ್ಟು ಎಣ್ಣೆ, ಐದು ರೂಪಾಯಿಗೆ ಇಷ್ಟು ಅರಿಶಿಣ ಎಂದು ಬಿಡಿಯಾಗಿ ಕೊಳ್ಳುವವರು ನಾವು. ಕಲಬೆರಕೆಗೂ ಜಾತಿ ವರ್ಗ ಗೊತ್ತಿದೆ.

ಒಂದು ತಕರಾರನ್ನೂ ಇಲ್ಲಿ ಹೇಳಬೇಕು. 'ಕೀಮತ್' ಇಂಗ್ಲಿಷಿನಲ್ಲಿ ಬರುತ್ತಿದ್ದ ಪತ್ರಿಕೆ. ಕಮಲಾ ಅವರ ಲೇಖನಗಳನ್ನು ಓದಿದವರು ಹೆಚ್ಚಾಗಿ ಮುಂಬಯಿಯ ಮಧ್ಯಮವರ್ಗದ ಗೃಹಿಣಿಯರಿದ್ದಾರು. ಧಾರಾವಿಯ ಜೋಪಡಿಯವರೆಗೆ ಅದು ಹೋಗಿರುವುದು ಕಷ್ಟ, ನಮ್ಮ ಕೇರಿಯ ಮಾತು ಬಿಡಿ. ಇದರ ಹೊರೆಯನ್ನು ಅವರೊಬ್ಬರ ತಲೆಗೆ ಕಟ್ಟುವುದು ಸರಿಯಲ್ಲ. ಪ್ರಯೋಗಾಲಯದಿಂದ ಮಧ್ಯಮವರ್ಗದ ಅಡುಗೆಮನೆಯವರೆಗೆ ಅವರು ಹೊತ್ತು ತಂದರು. ಅಲ್ಲಿಂದ ಕೇರಿಯ ಒಲೆಯವರೆಗೆ ಹೊರಬೇಕಾದವರು ನಾವು. ಕನ್ನಡದಲ್ಲಿ ಈ ಕೆಲಸಕ್ಕೆ ದಾರಿ ಇಲ್ಲದಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರ 'ವಿಜ್ಞಾನ' ಪತ್ರಿಕೆ 1918ರಷ್ಟು ಹಿಂದಿನದು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. ಜೆ.ಆರ್. ಲಕ್ಷ್ಮಣರಾಯರಂಥ ರಸಾಯನಶಾಸ್ತ್ರದ ಮೇಷ್ಟ್ರು ಹಳ್ಳಿ ಮಕ್ಕಳಿಗೂ ತಿಳಿಯುವ ಕನ್ನಡದಲ್ಲಿ ವಿಜ್ಞಾನ ಬರೆದರು. ದಾರಿ ಇದೆ, ನಡೆಯುವ ಕಾಲು ನಮ್ಮವಾಗಬೇಕು.

ಹಾಗೆಂದು ನಾವು ಕಳೆದ ಮೂರು ತಿಂಗಳಿಂದ ಸಣ್ಣ ಕೆಲಸವೊಂದನ್ನು ಮಾಡುತ್ತಿದ್ದೇವೆ. ಸಿರುಗುಪ್ಪ ತಾಲೂಕಿನ ಒಂದು ಹಳ್ಳಿಯಲ್ಲಿ, ಭಾನುವಾರ, ಬೇವಿನ ಮರದ ಕೆಳಗೆ ಒಂದು ಮೇಜು. ಮಕ್ಕಳು ಮನೆಯಿಂದ ಚಿಟಿಕೆ ಅರಿಶಿಣ, ಖಾರದ ಪುಡಿ, ಚಾಪುಡಿ, ಒಂದು ಒಳಲೆ ಹಾಲು ತರುತ್ತಾರೆ. ಹಾಲನ್ನು ಕಾಯಿಸಿ ಆರಿಸಿ ಔಷಧದ ಅಂಗಡಿಯ ಅಯೋಡಿನ್ ಎರಡು ತೊಟ್ಟು ಹಾಕುತ್ತೇವೆ; ಹಿಟ್ಟು ಬೆರೆಸಿದ್ದರೆ ನೀಲಿಯಾಗುತ್ತದೆ. ಖಾರದ ಪುಡಿಯನ್ನು ನೀರಿನ ಲೋಟದ ಮೇಲೆ ಉದುರಿಸಿದರೆ ಇಟ್ಟಿಗೆ ಪುಡಿ ತಳಕ್ಕಿಳಿಯುತ್ತದೆ, ಬಣ್ಣ ಹಾಕಿದ್ದರೆ ಕೆಂಪು ಗೆರೆ ಎಳೆಯುತ್ತಾ ಇಳಿಯುತ್ತದೆ. ಅರಿಶಿಣದ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದರೆ ಗುಲಾಬಿ ಬಣ್ಣ ಬರುತ್ತದೆ. ಮೇಲೆ ನೀರು ಹೊಯ್ದಾಗ ಆ ಬಣ್ಣ ಹೋದರೆ ಅರಿಶಿಣ ಶುದ್ಧ, ಹೋಗದಿದ್ದರೆ ಮೆಟಾನಿಲ್ ಯೆಲ್ಲೋ ಎಂಬ ಬಟ್ಟೆಯ ಬಣ್ಣ ಬೆರೆತಿದೆ ಎಂದು ಅನುಮಾನಿಸಬೇಕು. ಆಮ್ಲವನ್ನು ಮೇಷ್ಟ್ರೇ ಹಿಡಿಯಬೇಕು, ಮಕ್ಕಳ ಕೈಗೆ ಕೊಡಬಾರದು. ಚಾಪುಡಿಯ ಮೇಲೆ ಅಯಸ್ಕಾಂತ ಆಡಿಸಿದರೆ ಕಬ್ಬಿಣದ ಚೂರು ಅಂಟುತ್ತದೆ.

ಎರಡನೆಯ ಭಾನುವಾರವೇ ಅಂಗಡಿಯವನೊಬ್ಬ ಬಂದ. "ಪಾಠ ಮಾಡಾಕ ಪಗಾರ ಕೊಡ್ತಾರ, ಯಾಪಾರ ಕೆಡಸಾಕ ಕೊಡಾಂಗಿಲ್ಲ ಮೇಷ್ಟ್ರೇ" ಅಂದ. ಮತ್ತೆ ಕೆಡಿಸುವ ಮಾತು. ಖಾರದ ಪುಡಿ ತಂದಿದ್ದ ಹುಡುಗಿಯ ಅವ್ವ ಅವನಿಗೆ ಹೇಳಿದಳು: "ಯಪ್ಪಾ, ಮೆಣಸಿನಕಾಯಿ ಬಿಡಿಸಿ ಬಿಡಿಸಿ ನಮ್ಮ ಬಟ್ಟು ಉರೀತಾವು. ಅದನ ಪುಡಿ ನೀ ನಮಗ ಮಾರ್ವಾಗ ಇಟ್ಟಂಗಿ ಬೆರಸ್ತಿ ಅಂದ್ರ ಹೆಂಗ?" ಅವನು ಉತ್ತರ ಕೊಡಲಿಲ್ಲ. ನಮ್ಮ ಮೇಜಿನ ಪರೀಕ್ಷೆ ಕೋರ್ಟಿನ ಸಾಕ್ಷಿಯಾಗುವುದಿಲ್ಲ, ಅದು ಅನುಮಾನ ಹುಟ್ಟಿಸುವ ಪರೀಕ್ಷೆಯಷ್ಟೇ. ಕೊಂಡವರು ಯಾರೇ ಆಗಲಿ ಪದಾರ್ಥವನ್ನು ಸರ್ಕಾರದ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು ಎಂದು 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೆಯ ಕಲಮು ಹೇಳುತ್ತದೆ. ಫೀಸು ಕಟ್ಟಬೇಕು, ಕಲಬೆರಕೆ ಎಂದು ಸಾಬೀತಾದರೆ ಅದು ವಾಪಸು ಬರುತ್ತದೆ. ದಿನಗೂಲಿಯವರು ಫೀಸನ್ನು ಎಲ್ಲಿಂದ ತಂದಾರು? ಆದ್ದರಿಂದ ನಾವು ತಲೆಗಿಷ್ಟು ಎಂದು ಹಾಕಿ ಒಂದು ಹುಂಡಿ ಮಾಡಿದ್ದೇವೆ.

ಕಮಲಾ ತೀರಿಕೊಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ. ದೇಶ ಅವರನ್ನು ಮರೆತೇ ಬಿಟ್ಟಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ಮಹಿಳಾ ಮಹಾನಿರ್ದೇಶಕಿ ಡಾ. ಜಿ.ವಿ. ಸತ್ಯವತಿ ಅವರನ್ನು ಹುಡುಕಿ ದಿಲ್ಲಿಗೆ ಕರೆಸಿ ಸನ್ಮಾನ ಏರ್ಪಡಿಸಿದರು. ಆ ಸಭೆಯಲ್ಲೇ ಕುಸಿದ ಕಮಲಾ ಸ್ವಲ್ಪ ಕಾಲದಲ್ಲೇ ಹೋದರು. ಒಬ್ಬ ಹೆಣ್ಣುಮಗಳ ಕೆಲಸವನ್ನು ಗುರುತಿಸಲು ಮತ್ತೊಬ್ಬ ಹೆಣ್ಣುಮಗಳು ಅಧಿಕಾರಕ್ಕೆ ಬರಬೇಕಾಯಿತು. ಇದರಿಂದ ನಾವು ಕಲಿಯುವುದಿದೆ. ನಮ್ಮ ಮಕ್ಕಳ ಕೆಲಸವನ್ನು ಗುರುತಿಸಬೇಕಾದರೆ ನಮ್ಮವರೇ ಪ್ರಯೋಗಾಲಯದ ಒಳಗಿರಬೇಕು. ಗಾಜು ತೊಳೆಯಲು ಅಲ್ಲ, ಬ್ಯುರೆಟ್ ಹಿಡಿಯಲು. ಹಾಸ್ಟೆಲಿನ ಹುಡುಗರಿಗೆ ಸೈನ್ಸು ಹತ್ತುವುದಿಲ್ಲ, ಆರ್ಟ್ಸಿಗೆ ಹಾಕಿರಿ ಎಂದು ಸಲಹೆ ಕೊಡುವ ಹಿತೈಷಿಗಳಿಗೆ ನಾವು ಇನ್ನು ಮುಂದೆ ಈ ಕತೆ ಹೇಳುತ್ತೇವೆ.

ಗಾಜು ತೊಳೆದ ನಮ್ಮ ತಂಗಿ ಈಗ ಆ ಬೇವಿನ ಮರದ ಕೆಳಗಿನ ಮೇಜಿಗೆ ಮುಖ್ಯಸ್ಥೆ. ಮುಂದಿನ ತಿಂಗಳು ಕುರುಗೋಡಿನಲ್ಲಿ ಎರಡನೆಯ ಮೇಜು ಹಾಕುತ್ತೇವೆ. ಈ ಪತ್ರಿಕೆ ಓದುವ ಮೇಷ್ಟ್ರುಗಳೇ, ಗೆಳೆಯರೇ, ನಿಮ್ಮ ಶಾಲೆಯ ಬೀರುವಿನಲ್ಲಿ ಅಯೋಡಿನ್ ಬಾಟಲಿ, ಹತ್ತು ಗಾಜಿನ ನಳಿಗೆ, ಒಂದು ಅಯಸ್ಕಾಂತ ಇವೆಯೇ ನೋಡಿ. ಇದ್ದರೆ ಬೀಗ ತೆಗೆಯಿರಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಸಂಬಂಧಪಟ್ಟವರಿಗೆ ಬರೆಯಿರಿ. ಬರೆದದ್ದರ ಒಂದು ಪ್ರತಿಯನ್ನು ಈ ಪತ್ರಿಕೆಗೂ ಕಳಿಸಿ.